ಹೆತ್ತಿದ್ದು ಎಂಟು, ಉಳಿದದ್ದು ಐದು

ಕೇಳುಗರೆಲ್ಲರಿಗೂ ನಮಸ್ಕಾರ.

2011ರ ಫೆಬ್ರವರಿ. ನಾನಾಗ ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಎಲ್ಲ ಮೇಷ್ಟ್ರುಗಳ ಹಾಗೆ ನನಗೂ ಜನಗಣತಿ ಡ್ಯೂಟಿ ಬಿದ್ದಿತ್ತು. ಹೆಗಲಿಗೆ ಚೀಲ, ಚೀಲದಲ್ಲಿ ಫಾರಂಗಳ ಕಟ್ಟು. ಮಲೆನಾಡಿನಲ್ಲಿ ಪಕ್ಕದ ಮನೆ ಅಂದರೆ ಒಂದು ಗುಡ್ಡ ಹತ್ತಿ ಇಳಿಯಬೇಕು, ಗೊತ್ತಲ್ಲ. ಹಾಗೆ ಇಳಿದು ಹೋದಾಗ ಒಬ್ಬರು ಅಜ್ಜಿ ಅಂಗಳದಲ್ಲಿ ಕಾಫಿ ಹಣ್ಣು ಒಣಹಾಕಿ ಕಾಲಲ್ಲಿ ಕೆದರುತ್ತಿದ್ದರು.

ಫಾರಮ್ಮಿನಲ್ಲಿ ಹೆಂಗಸರಿಗೆ ಎರಡು ಪ್ರಶ್ನೆ ಇರುತ್ತವೆ. ಒಟ್ಟು ಎಷ್ಟು ಮಕ್ಕಳು ಹುಟ್ಟಿದ್ದವು? ಈಗ ಎಷ್ಟು ಮಂದಿ ಬದುಕಿದ್ದಾರೆ? ಅಜ್ಜಿ ಕೆದರೋದು ನಿಲ್ಲಿಸದೆ ಹೇಳಿದರು: "ಹೆತ್ತಿದ್ದು ಎಂಟು, ಉಳಿದದ್ದು ಐದು. ಮನೇಲಿರೋದು ನಾನೊಬ್ಳೇ ಮೇಷ್ಟ್ರೇ."

ನಾನು ಇಪ್ಪತ್ತು ವರ್ಷ ಭೂಗೋಳ ಪಾಠ ಮಾಡಿದವನು. ಜನನ, ಮರಣ, ವಲಸೆ, ಈ ಮೂರರಿಂದ ಒಂದು ಊರಿನ ಜನಸಂಖ್ಯೆ ಹೆಚ್ಚು ಕಡಿಮೆ ಆಗುತ್ತದೆ ಅಂತ ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದಿದ್ದೇನೋ. ಅಜ್ಜಿ ಆ ಮೂರನ್ನೂ ಒಂದೇ ಉಸಿರಿಗೆ ಮುಗಿಸಿಬಿಟ್ಟರು. ಇವತ್ತು ಅವರ ಮಾತನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ಆ ಎಂಟು. ಹಿಂದಿನವರು ಸಾಲುಸಾಲು ಮಕ್ಕಳನ್ನು ಹೆತ್ತರು, ಅದಕ್ಕೇ ದೇಶದಲ್ಲಿ ಜನ ಇಷ್ಟು ಜಾಸ್ತಿಯಾದರು ಅಂತ ನಾವು ಸುಮ್ನೆ ಅಂದುಬಿಡುತ್ತೇವೆ. ಲೆಕ್ಕ ನೋಡಿದರೆ ಹಾಗಿಲ್ಲ. 1911ರಿಂದ 1921ರವರೆಗಿನ ಹತ್ತು ವರ್ಷದಲ್ಲಿ ಭಾರತದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 48 ಮಕ್ಕಳು ಹುಟ್ಟುತ್ತಿದ್ದವು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಅದು ಹದಿನಾರು, ಹದಿನೇಳು. ಅಂದರೆ ಆಗ ಮೂರು ಪಟ್ಟು. ಆದರೂ ಆ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಹೆಚ್ಚಲಿಲ್ಲ, ಸ್ವಲ್ಪ ಇಳಿಯಿತು. ಯಾಕೆಂದರೆ ಸಾವೂ ಹೆಚ್ಚುಕಡಿಮೆ ಅಷ್ಟೇ ಇತ್ತು. 1918ರ ಇನ್‌ಫ್ಲುಯೆಂಜಾ ಊರೂರನ್ನೇ ಗುಡಿಸಿಹಾಕಿತ್ತು. ತೊಟ್ಟಿಲು ಎಷ್ಟು ತೂಗಿದರೂ ಚಟ್ಟ ಅಷ್ಟೇ ಸಲ ಏಳುತ್ತಿತ್ತು.

ಅದಕ್ಕೂ ಹಿಂದೆ ಹೋದರೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಧಾತು ಈಶ್ವರದ ಬರ. 1876ರಿಂದ 78ರವರೆಗೆ. 1871ರಲ್ಲಿ ಹಳೇ ಮೈಸೂರು ಸಂಸ್ಥಾನದಲ್ಲಿ ತಲೆ ಎಣಿಸಿದಾಗ ಐವತ್ತು ಲಕ್ಷ ದಾಟಿತ್ತು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ ನಲವತ್ತೆರಡು ಲಕ್ಷ ಕೂಡ ತುಂಬಲಿಲ್ಲ. ಎಂಟು ಲಕ್ಷಕ್ಕೂ ಜಾಸ್ತಿ ಜನ ಲೆಕ್ಕದಿಂದ ಮಾಯ. ಆ ಹತ್ತು ವರ್ಷದಲ್ಲಿ ಹುಟ್ಟಿದ ಕೂಸುಗಳೆಷ್ಟೋ, ಅವೆಲ್ಲ ಸೇರಿದ ಮೇಲೂ ಇಷ್ಟು ಕಡಿಮೆ.

1921 ಆದ ಮೇಲೆ ಭಾರತದ ಜನಸಂಖ್ಯೆ ಒಂದು ಗಣತಿಯಲ್ಲೂ ಇಳಿದಿಲ್ಲ. ಅದಕ್ಕೇ ಪಠ್ಯಪುಸ್ತಕದಲ್ಲಿ ಆ ವರ್ಷಕ್ಕೆ ಮಹಾ ವಿಭಜಕ ವರ್ಷ ಅಂತ ದೊಡ್ಡ ಹೆಸರು. ನನ್ನ ಹುಡುಗರು ಪರೀಕ್ಷೆಗೆ ಈ ಹೆಸರು ಬಾಯಿಪಾಠ ಮಾಡುತ್ತಿದ್ದರು, ಏನು ವಿಭಜನೆ ಆಯಿತು ಅಂತ ಕೇಳಿದರೆ ಪಾಕಿಸ್ತಾನ ಅನ್ನುತ್ತಿದ್ದರು. ಇರಲಿ.

ಆಮೇಲೆ ಆಗಿದ್ದೇನು? ಜನ ಹೆರೋದನ್ನು ಹೆಚ್ಚು ಮಾಡಲಿಲ್ಲ, ಸಾಯೋದು ಕಡಿಮೆಯಾಯಿತು. ಅಜ್ಜಿಯ ಎರಡನೇ ಅಂಕಿ ಇಲ್ಲಿ ಬರುತ್ತದೆ, ಉಳಿದ ಐದು. ಮಲೆನಾಡಿನಲ್ಲಿ ಚಳಿಜ್ವರದ ಕಾಟ ಎಂಥದ್ದಿತ್ತು ಅಂದರೆ, ಘಟ್ಟದ ಮೇಲಿನ ಮನೆಗೆ ಹೆಣ್ಣು ಕೊಡಬೇಡಿ ಅಂತ ನಮ್ಮ ಮನೆ ಹಿರಿಯರು ಹೇಳುತ್ತಿದ್ದರು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು ಹೋದರು. ಸಿಡುಬಿನ ಲಸಿಕೆ ಊರೂರಿಗೂ ಮುಟ್ಟಿತು, ಆಸ್ಪತ್ರೆ ಹತ್ತಿರವಾಯಿತು, ರೇಷನ್ ಅಕ್ಕಿ ಬಂತು. ಮೊದಲು ಎಂಟು ಹೆತ್ತರೆ ಉಳಿಯೋದು ಎರಡೋ ಮೂರೋ. ಅಜ್ಜಿಯ ಕಾಲಕ್ಕೆ ಐದು ಉಳಿದವು. ಹೆರಿಗೆ ಅಷ್ಟೇ, ಉಳಿಕೆ ಮಾತ್ರ ಜಾಸ್ತಿ.

ಇದರ ಫಲ ಗಣತಿಯಲ್ಲಿ ಕಾಣುತ್ತದೆ. ಈಗಿನ ಕರ್ನಾಟಕದ ಮೇರೆಯೊಳಗೆ 1951ರಲ್ಲಿ ಎರಡು ಕೋಟಿಗೆ ಸ್ವಲ್ಪ ಕಡಿಮೆ ಜನ ಇದ್ದರು. 2011ಕ್ಕೆ ಆರು ಕೋಟಿ ಹನ್ನೊಂದು ಲಕ್ಷ. ಎಲ್ಲಕ್ಕಿಂತ ಜೋರಾಗಿ ಏರಿದ್ದು 1971ರಿಂದ 81ರ ನಡುವೆ, ಹತ್ತೇ ವರ್ಷಕ್ಕೆ ಶೇಕಡ 26ಕ್ಕೂ ಜಾಸ್ತಿ. ವರ್ಷಕ್ಕೆ ಹಾಕಿದರೆ ಎರಡೂವರೆಗೆ ತುಸು ಕಮ್ಮಿ. ಅಯ್ಯೋ ಎರಡೂವರೆ ಏನು ಮಹಾ ಅನ್ನಬೇಡಿ. ಒಂದು ಸುಲಭದ ಲೆಕ್ಕ ಇದೆ: ಎಪ್ಪತ್ತನ್ನು ಆ ದರದಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ ಅಂತ ಗೊತ್ತಾಗುತ್ತದೆ. ಇಲ್ಲಿ ಇಪ್ಪತ್ತೊಂಬತ್ತು ವರ್ಷ. ಬಡ್ಡಿ ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಹೆರೋದನ್ನು ತಡೆಯಲು ಯಾರೂ ಯೋಚಿಸಿರಲಿಲ್ಲ ಅಂತಲ್ಲ. ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಸರ್ಕಾರವೇ ಇಂಥದ್ದು ತೆರೆದದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ನನಗೆ ಜಾಸ್ತಿ ಇಷ್ಟವಾಗೋ ಕತೆ ರಾಮನಗರದ್ದು. 1950ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿ ಒಂದು ಪ್ರಯೋಗ ನಡೆಯಿತು. ಯಾವ ದಿನ ಗರ್ಭ ನಿಲ್ಲಬಹುದು, ಯಾವ ದಿನ ಇಲ್ಲ ಅಂತ ಗುರುತಿಗೆ ಹೆಂಗಸರಿಗೆ ಬಣ್ಣಬಣ್ಣದ ಮಣಿಯ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹತ್ತು ಜನ ಇರೋ ಮನೆಯಲ್ಲಿ, ಅತ್ತೆಯ ಕಣ್ಣೆದುರು, ಬುಡ್ಡಿ ದೀಪದ ಬೆಳಕಲ್ಲಿ ಮಣಿಯ ಬಣ್ಣ ನೋಡಿ ಸರಿಸೋದು ಅಂದರೆ ಯೋಚನೆ ಮಾಡಿ. ಪ್ರಯೋಗ ಗೆಲ್ಲಲಿಲ್ಲ. ಸರವನ್ನು ತಾಯಿತದ ಹಾಗೆ ಭಾವಿಸಿದವರೂ ಇದ್ದರಂತೆ.

ಮಣಿ ಸರದಿಂದ ಆಗದ ಕೆಲಸ ಆಮೇಲೆ ತಾನಾಗಿ ಆಯಿತು ಅಂತ ನನ್ನ ಅನಿಸಿಕೆ. ಪೂರ್ತಿ ತಾನಾಗಿ ಅಲ್ಲ, ಆಪರೇಷನ್ ಕ್ಯಾಂಪುಗಳೂ ಇದ್ದವು. ಆದರೆ ಹುಟ್ಟಿದ ಮಗು ಉಳಿಯುತ್ತದೆ ಅಂತ ತಾಯಿಗೆ ನಂಬಿಕೆ ಬಂದದ್ದು, ಹುಡುಗಿಯರು ಹೈಸ್ಕೂಲ್ ಮೆಟ್ಟಿಲು ಹತ್ತಿದ್ದು, ಒಂದು ಮಗುವನ್ನು ಓದಿಸೋ ಖರ್ಚು ಏರಿದ್ದು, ಇವು ದೊಡ್ಡ ಕಾರಣ. ಅಜ್ಜಿ ಎಂಟು ಹೆತ್ತರು. ಅವರ ಮಗಳು ಮೂರು. ಮೊಮ್ಮಗಳು ಒಂದೇ ಸಾಕು ಅನ್ನುತ್ತಾಳೆ. 2019-21ರ, ಅಂದರೆ ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಗಂಡ ಹೆಂಡಿರ ಜಾಗಕ್ಕೆ ಇಬ್ಬರು ಬಂದು ನಿಲ್ಲಬೇಕಾದರೆ 2.1 ಬೇಕು. ಆ ಒಂದು ಚೂರು ಯಾಕೆ ಅಂದರೆ, ಕೆಲವು ಮಕ್ಕಳು ದೊಡ್ಡವರಾಗೋ ಮೊದಲೇ ತೀರಿಹೋಗುತ್ತವೆ, ಜೊತೆಗೆ ಹುಟ್ಟೋದರಲ್ಲಿ ಗಂಡು ಒಂದು ಮುಷ್ಟಿ ಜಾಸ್ತಿ.

ಇಲ್ಲೊಂದು ಅನುಮಾನ ಬರಬೇಕು ನಿಮಗೆ. 2.1ಕ್ಕಿಂತ ಕೆಳಗಿಳಿದರೂ ರಾಜ್ಯದ ಜನಸಂಖ್ಯೆ ಇನ್ನೂ ಏರುತ್ತಲೇ ಇದೆಯಲ್ಲ? ತೋಟಕ್ಕೆ ನೀರು ಬಿಡುವವರನ್ನು ಕೇಳಿ. ಪಂಪು ಆಫ್ ಮಾಡಿದ ಕೂಡಲೇ ನೀರು ನಿಲ್ಲೋದಿಲ್ಲ, ಪೈಪಿನಲ್ಲಿ ಇದ್ದದ್ದು ಸ್ವಲ್ಪ ಹೊತ್ತು ಸುರಿಯುತ್ತದೆ. ಹಿಂದೆ ಜಾಸ್ತಿ ಹುಟ್ಟಿದವರೆಲ್ಲ ಈಗ ಮದುವೆ ವಯಸ್ಸಿಗೆ ಬಂದಿದ್ದಾರೆ. ಒಬ್ಬೊಬ್ಬರು ಒಂದೊಂದು ಮಗು ಹೆತ್ತರೂ ಒಟ್ಟು ಹೆರಿಗೆ ಸಾವಿಗಿಂತ ಜಾಸ್ತಿಯೇ.

ವಯಸ್ಸಿನ ಈ ಲೆಕ್ಕ ಮರೆತರೆ ಮೋಸ ಹೋಗುತ್ತೇವೆ. 2020ರಲ್ಲಿ ಕೇರಳದಲ್ಲಿ ಸಾವಿರಕ್ಕೆ ಸುಮಾರು ಏಳು ಸಾವು, ಬಿಹಾರದಲ್ಲಿ ಐದೂವರೆಯ ಹತ್ತಿರ. ಹಾಗಾದರೆ ಬಿಹಾರದ ಆಸ್ಪತ್ರೆಗಳೇ ಚೆನ್ನಾಗಿವೆಯಾ? ಕೇರಳದಲ್ಲಿ ಮುದುಕರು ಜಾಸ್ತಿ, ಬಿಹಾರದಲ್ಲಿ ಮಕ್ಕಳು ಜಾಸ್ತಿ, ಅಷ್ಟೇ.

ಇನ್ನು ಅಜ್ಜಿಯ ಮೂರನೇ ಅಂಕಿ, ಮನೆಯಲ್ಲಿ ಒಬ್ಬಳೇ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11 ಲಕ್ಷದ 41 ಸಾವಿರದ ಹತ್ತಿರ ಜನ. ನಾವು 2011ರಲ್ಲಿ ಎಣಿಸಿದಾಗ ಮೂರು ಸಾವಿರದಷ್ಟು ಕಡಿಮೆ. ಧಾತು ಈಶ್ವರದಂಥ ಬರ ಬಂದಿರಲಿಲ್ಲ, ಪ್ಲೇಗು ಬಂದಿರಲಿಲ್ಲ. ಹುಟ್ಟಿದವರೂ ಸತ್ತವರಿಗಿಂತ ಜಾಸ್ತಿಯೇ. ಕಡಿಮೆ ಆಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. 2011ರ ಗಣತಿಯಲ್ಲಿ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಗಂಡಸರು ಮುಂಬೈಯಲ್ಲಿ, ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದಾರೆ. ಇತ್ತ ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯ ಮಾತು ಕೇಳುತ್ತದೆ. ನಮ್ಮವರು ಬಿಟ್ಟುಹೋದ ಕೆಲಸಕ್ಕೆ ಅಷ್ಟು ದೂರದವರು ಬಂದಿದ್ದಾರೆ.

ಅಜ್ಜಿಯ ಮನೆಯ ಫಾರಂ ಮುಗಿಸಿ ಎದ್ದೆ. "ಎಷ್ಟು ಜನ ಅಂತ ಬರೆದುಕೊಂಡ್ರಿ?" ಅಂತ ಕೇಳಿದರು. ಒಂದು ಅಂದೆ. ಅವರಿಗೆ ಸಿಟ್ಟು ಬಂತು. "ಸಣ್ಣ ಮಗನ ಹೆಸರು ರೇಷನ್ ಕಾರ್ಡಲ್ಲಿ ಇದೆ. ಹಬ್ಬಕ್ಕೆ ಬರ್ತಾನೆ. ಅವನನ್ನೂ ಸೇರಿಸಿ." ಇಲ್ಲಮ್ಮ, ಅವರು ಈಗ ಇರೋ ಊರಲ್ಲೇ ಲೆಕ್ಕಕ್ಕೆ ಸಿಗ್ತಾರೆ, ಇಲ್ಲೂ ಬರೆದರೆ ಎರಡು ಸಲ ಆಗುತ್ತೆ ಅಂತ ತಿಳಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಬೆಲ್ಲದ ಕಾಫಿ ತಂದಿಟ್ಟು, "ಅಲ್ಲಿಯ ಮೇಷ್ಟ್ರು ಅವನ ಮನೆಗೆ ಹೋಗ್ತಾರೋ ಇಲ್ವೋ, ಒಂದ್ಸಲ ಫೋನ್ ಮಾಡಿ ಕೇಳ್ತೀರಾ?" ಅಂದರು.

ನಮಸ್ಕಾರ.