ಅಲಬಾಮಾದಲ್ಲಿ ಹುಟ್ಟಿದವರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ದಕ್ಷಿಣ ಭಾಗದಲ್ಲಿ ಅಲಬಾಮಾ ಅಂತ ಒಂದು ರಾಜ್ಯವಿದೆ. ಹತ್ತಿ ಬೆಳೆಯುವ ನೆಲ. ಬಹಳ ಕಾಲ ಆ ಹತ್ತಿ ಬಿಡಿಸಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಅವರ ಮಕ್ಕಳು, ಮೊಮ್ಮಕ್ಕಳು. 1913ರಲ್ಲಿ ಅಲ್ಲಿ ಎರಡು ಮಕ್ಕಳು ಹುಟ್ಟಿದವು. ಫೆಬ್ರವರಿಯಲ್ಲಿ ಟಸ್ಕೀಗಿ ಎಂಬ ಊರಿನಲ್ಲಿ ರೋಸಾ ಪಾರ್ಕ್ಸ್. ಸೆಪ್ಟೆಂಬರಿನಲ್ಲಿ ಓಕ್‌ವಿಲ್ ಎಂಬ ಹಳ್ಳಿಯಲ್ಲಿ, ಮುಂದೆ ಓಟಗಾರನಾದ ಜೆಸ್ಸಿ ಓವೆನ್ಸ್. ನನಗೆ ಈ ಜೋಡಿ ತುಂಬಾ ಕಾಡುತ್ತದೆ.

ಜೆಸ್ಸಿಯ ಅಪ್ಪ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದರು. ಹತ್ತು ಮಕ್ಕಳಲ್ಲಿ ಇವನೇ ಕೊನೆಯವನು. ಒಂಬತ್ತು ವರ್ಷವಾದಾಗ ಮನೆಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಉತ್ತರದ ಕ್ಲೀವ್‌ಲ್ಯಾಂಡ್ ನಗರಕ್ಕೆ ಹೋದರು. ಶಾಲೆಯಲ್ಲಿ ಹೆಸರು ಕೇಳಿದರೆ ಹುಡುಗ 'ಜೆ.ಸಿ.' ಅಂದ. ಊರಿನ ಎಳೆದು ಆಡುವ ಮಾತು. ಟೀಚರ್‌ಗೆ ಅದು 'ಜೆಸ್ಸಿ' ಅಂತ ಕೇಳಿಸಿತು. ಅದೇ ಹೆಸರು ಉಳಿಯಿತು.

ಓವೆನ್ಸ್ 1935ರ ಮೇ 25ರಂದು ಉದ್ದ ಜಿಗಿತದಲ್ಲಿ 8.13 ಮೀಟರ್ ದಾಟಿದರು. ಆ ದಾಖಲೆಯನ್ನು 25 ವರ್ಷ ಯಾರೂ ಮುರಿಯಲಿಲ್ಲ. ಮರುವರ್ಷ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ಹಿಟ್ಲರನ ಎದುರಿಗೇ, ನಾಲ್ಕು ಚಿನ್ನ ಗೆದ್ದರು. ಆದರೆ ತಾಯ್ನಾಡಿಗೆ ಮರಳಿದಾಗ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಮ್ಮದೇ ಸನ್ಮಾನಕ್ಕೆ ಸಾಮಾನು ಸಾಗಿಸುವ ಲಿಫ್ಟ್ ಹತ್ತಿ ಹೋಗಬೇಕಾಯಿತು. ಕರಿಯರಿಗೆ ಮುಂಬಾಗಿಲು ಇರಲಿಲ್ಲ.

ರೋಸಾ ಮಾತ್ರ ಅಲಬಾಮಾದಲ್ಲೇ ಬೆಳೆದರು. ಬಿಳಿಯ ಮಕ್ಕಳನ್ನು ಹೊತ್ತ ಶಾಲಾ ಬಸ್ಸು ದಿನಾ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಈ ಹುಡುಗಿ ನಡೆದೇ ಶಾಲೆಗೆ ಹೋಗುತ್ತಿದ್ದಳು. 1955ರ ಡಿಸೆಂಬರ್ 1ರ ಸಂಜೆ, ಮಾಂಟ್ಗೊಮೆರಿಯಲ್ಲಿ ಹೊಲಿಗೆ ಕೆಲಸ ಮುಗಿಸಿ ಬಸ್ ಹತ್ತಿದ 42 ವರ್ಷದ ರೋಸಾ, ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲು ಒಪ್ಪಲಿಲ್ಲ. ಆಗ ಬಸ್ಸಿನಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸುವ ಕಾನೂನಿತ್ತು. ಪೊಲೀಸರು ಹಿಡಿದುಕೊಂಡು ಹೋದರು. ಪಾಪ, ಕಾಲು ಸೋತಿತ್ತು, ಅದಕ್ಕೇ ಏಳಲಿಲ್ಲ ಅಂತ ಜನ ಹೇಳುವುದುಂಟು. ಹಾಗಲ್ಲ. ಬಗ್ಗಿ ಬಗ್ಗಿ ಸಾಕಾಗಿತ್ತು ಅಂತ ಅವರೇ ಬರೆದಿದ್ದಾರೆ. ಆಮೇಲೆ ಊರಿನ ಕರಿಯರು 381 ದಿನ ಬಸ್ ಹತ್ತಲಿಲ್ಲ. ನಡೆದರು. ಮುದುಕಿಯರೂ ನಡೆದರು. ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪು ಅವರ ಕಡೆಗೇ ಬಂತು.

ಈ ರಾಜ್ಯ ಹೆತ್ತವರು ಇನ್ನೂ ಇದ್ದಾರೆ. ಕರಿಯ ಹಾಡುಗಾರ ನ್ಯಾಟ್ ಕಿಂಗ್ ಕೋಲ್ ಹುಟ್ಟಿದ್ದು ಇದೇ ಮಾಂಟ್ಗೊಮೆರಿಯಲ್ಲಿ. 1956ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹಾಡಲು ಬಂದಾಗ ಕೆಲವು ಬಿಳಿಯರು ವೇದಿಕೆಗೇ ನುಗ್ಗಿ ಅವರ ಮೇಲೆ ಬಿದ್ದರು. ಕಣ್ಣು, ಕಿವಿ ಎರಡೂ ಇಲ್ಲದೆ ಓದಿ ಪದವಿ ಪಡೆದ ಹೆಲೆನ್ ಕೆಲ್ಲರ್ ಕೂಡ ಇಲ್ಲಿಯವರೇ. 1880ರಲ್ಲಿ ಟಸ್ಕಂಬಿಯಾದಲ್ಲಿ ಹುಟ್ಟಿದರು. ನೀರಿನ ಪಂಪಿನ ಕೆಳಗೆ ಮೊದಲ ಮಾತು ಕಲಿತ ಕಥೆ ನಿಮಗೆ ಗೊತ್ತೇ ಇದೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇದು: ಅವರ ತಂದೆ ಗುಲಾಮಗಿರಿಯ ಪರವಾದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಮಗಳು 1916ರಲ್ಲಿ ಕರಿಯರ ಹಕ್ಕಿನ ಸಂಘಕ್ಕೆ 100 ಡಾಲರ್ ಕಳಿಸಿ, ಜೊತೆಗೊಂದು ಬೆಂಬಲದ ಕಾಗದ ಬರೆದರು. ಅಂಥ ಮನೆಯಲ್ಲಿ ಹುಟ್ಟಿ ಹಾಗೆ ಬರೆಯಲು ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ?

ರೋಸಾ ಕೂಡ ಕೊನೆಗೆ ಅಲ್ಲಿ ಉಳಿಯಲಾಗಲಿಲ್ಲ. ಕೆಲಸ ಹೋಯಿತು, ಬೆದರಿಕೆ ಬಂತು. 1957ರಲ್ಲಿ ಅಲಬಾಮಾ ಬಿಟ್ಟರು, ಆಮೇಲೆ ಡೆಟ್ರಾಯಿಟ್‌ನಲ್ಲೇ ಬಾಳಿದರು. 2019ರ ಡಿಸೆಂಬರ್ 1ರಂದು ಮಾಂಟ್ಗೊಮೆರಿಯಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. 1955ರ ಆ ಸಂಜೆ ಅವರು ಬಸ್ ಹತ್ತಿದ್ದರು ಎನ್ನುವ ಜಾಗ ಅಲ್ಲಿಂದ ಕೆಲವೇ ಹೆಜ್ಜೆ.

ನಮಸ್ಕಾರ.