ನಮ್ಮ ಮನೆ ಪಾತ್ರೆ, ಅರಿಶಿನ, ದಸರಾ ಬೊಂಬೆಗಳಲ್ಲಿ ಸೀಸ ಇದೆಯಾ? ಟೆಸ್ಟ್ ಮಾಡಿ ನೋಡೋಣ | ಮೈಸೂರು ವ್ಲಾಗ್

ನಮಸ್ಕಾರ, ಬನ್ನಿ. ಮೇಜಿನ ಮೇಲೆ ಇಷ್ಟೊಂದು ಸಾಮಾನು ಹರಡಿದೆ, ಅದಕ್ಕೇ ಕ್ಯಾಮೆರಾ ಸ್ವಲ್ಪ ಮೇಲಿಟ್ಟಿದ್ದೇನೆ. ಹಿತ್ತಾಳೆ ತಪ್ಪಲೆ, ಹಿತ್ತಾಳೆ ಚೆಂಬು, ಹಿಂಡಾಲಿಯಂ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಬಾಣಲೆ, ಅರಿಶಿನ, ಕುಂಕುಮ, ನಮ್ಮತ್ತೆಯವರ ಹಳೇ ದಸರಾ ಬೊಂಬೆಗಳು, ಮಗಳ ಆಟದ ಸಾಮಾನು. ಇವುಗಳಲ್ಲಿ ಸೀಸ, ಅಂದರೆ ಲೆಡ್, ಇದೆಯಾ ಅಂತ ನೋಡುವುದು ಇವತ್ತಿನ ಕೆಲಸ.

ಸೀಸ ಪತ್ತೆ ಮಾಡುವ ಕಿಟ್ ತಂದಿದ್ದೇನೆ. ಅದರ ಕಡ್ಡಿ ಮುರಿದಿದ್ದು, ಹಿಂಡಿದ್ದು ಎಲ್ಲ ಕಾಣಿಸುತ್ತಿದೆ, ಅದನ್ನು ಹೇಳುತ್ತಾ ಕೂರುವುದಿಲ್ಲ. ಕೋವಿಡ್ ಟೈಮಲ್ಲಿ ಮೂಗಿಗೆ ಹಾಕುತ್ತಿದ್ದರಲ್ಲ, ಅದೇ ಥರದ ಕಡ್ಡಿ. ಒಳಗಿರುವ ರಾಸಾಯನಿಕಕ್ಕೆ ರೋಡಿಜೋನೇಟ್ ಅಂತ ಹೆಸರು. ಹಳದಿ ಬಣ್ಣ ಇರುತ್ತದೆ. ಸೀಸ ಸಿಕ್ಕಿದರೆ ಗುಲಾಬಿಗೆ ತಿರುಗುತ್ತದೆ, ಜಾಸ್ತಿ ಇದ್ದರೆ ಕೆಂಪಗಾಗುತ್ತದೆ.

ಇದೆಲ್ಲ ಯಾಕೆ ಬೇಕಿತ್ತು ಅಂತ ಅತ್ತೆ ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಮಗಳು ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಲ್ಲಿದ್ದಾಳೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತದೆ. ದೇಹಕ್ಕೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಅದು ಮೂಳೆಯಲ್ಲಿ ಹೋಗಿ ಕೂರುತ್ತದೆ, ವರ್ಷಗಟ್ಟಲೆ ಇರುತ್ತದೆ. ಮಿದುಳಿಗೂ ಹೋಗುತ್ತದೆ. ಕಲಿಯುವ ಶಕ್ತಿ ಕಡಿಮೆಯಾಗುತ್ತದೆ, ಗಮನ ನಿಲ್ಲುವುದಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ಎಷ್ಟೋ ಸಲ ಹೊರಗೆ ಏನೂ ಕಾಣಿಸುವುದಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಮಾಲಿನ್ಯದ ವಿರುದ್ಧ ಕೆಲಸ ಮಾಡುವ ಪ್ಯೂರ್ ಅರ್ಥ್ ಸಂಸ್ಥೆ ಸೇರಿ ಒಂದು ವರದಿ ತಂದವು. ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಇರುವ ಮಕ್ಕಳು ಪ್ರಪಂಚದಲ್ಲಿ ಸುಮಾರು 80 ಕೋಟಿ, ಅದರಲ್ಲಿ ನಮ್ಮ ದೇಶದವರೇ ಸುಮಾರು 27 ಕೋಟಿ ಅಂತ ಅದರಲ್ಲಿ ಅಂದಾಜು ಮಾಡಿದ್ದಾರೆ. ಇಷ್ಟು ದೊಡ್ಡ ವಿಷಯ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ ಅಂದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಸರಿ, ತಪ್ಪಲೆ. ಇದರ ಒಳಗೆ ಕಲಾಯಿ, ಅಂದರೆ ತವರದ ಲೇಪ ಇದೆ. ಬೀದಿಯಲ್ಲಿ ಕೂಗಿಕೊಂಡು ಬಂದವರ ಹತ್ತಿರ ಹಾಕಿಸಿದ್ದು. ನೋಡಿ, ಉಜ್ಜುತ್ತಿದ್ದ ಹಾಗೇ ಹತ್ತಿ ಗುಲಾಬಿಯಾಗುತ್ತಿದೆ. ಇದರಲ್ಲಿ ನಾವು ಹುಣಸೆಹಣ್ಣು ಹಾಕಿದ ಸಾರು ಮಾಡುತ್ತಿದ್ದೆವು. ಹುಳಿ ಬಿದ್ದರೆ ಸೀಸ ಇನ್ನೂ ಚೆನ್ನಾಗಿ ಕರಗುತ್ತದೆ. ನನ್ನ ಪ್ರಕಾರ ಹಿತ್ತಾಳೆ ಪಾತ್ರೆಯನ್ನೆಲ್ಲ ಗುಜರಿಗೆ ಹಾಕಿಬಿಡಬೇಕು. ಹಳೇ ಕಾಲದ್ದು, ಆರೋಗ್ಯಕ್ಕೆ ಒಳ್ಳೆಯದು ಅಂತ ಮಾರುವವರೇ ಜಾಸ್ತಿಯಾಗಿದ್ದಾರೆ. ಒಳಗೆ ಏನು ಬಳಿದಿದ್ದಾರೆ ಅಂತ ಒಬ್ಬರೂ ಹೇಳುವುದಿಲ್ಲ.

ಬಾಣಲೆ. ಬಣ್ಣ ಬದಲಾಗಲಿಲ್ಲ. ಹಾಗಂತ ಇದರಲ್ಲಿ ಸೀಸ ಇಲ್ಲ ಅಂತ ಅಲ್ಲ. ಈ ಕಡ್ಡಿಗೆ ಗೊತ್ತಾಗುವುದು ಮೇಲ್ಮೈಯಲ್ಲಿ ಜಾಸ್ತಿ ಇದ್ದು, ಕರಗಿ ಬಂದರೆ ಮಾತ್ರ. ಸ್ವಲ್ಪ ಇದ್ದರೆ ಸುಮ್ಮನಿರುತ್ತದೆ. ಹಿಂಡಾಲಿಯಂ ಮೇಲೆ ನನಗೆ ಮೊದಲಿಂದ ಅನುಮಾನ. ಗುಜರಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದರೆ ಅದರಲ್ಲಿ ಏನೇನು ಸೇರುತ್ತದೋ ಯಾರು ನೋಡುತ್ತಾರೆ? 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಆಹಾರ, ಔಷಧಿಗಳ ಸುರಕ್ಷತೆ ನೋಡುವ ಎಫ್‌ಡಿಎ, ಆಮದು ಮಾಡಿಕೊಂಡ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಿಂದ ಅಡುಗೆಗೆ ಸೀಸ ಬಿಡಬಹುದು ಅಂತ ಎಚ್ಚರಿಕೆ ಕೊಟ್ಟಿತು. ಅಲ್ಲಿಯವರಿಗೆ ಎಚ್ಚರಿಕೆ ಸಿಕ್ಕಿತು. ಪಾತ್ರೆ ನಮ್ಮ ದೇಶದ್ದು, ದಿನಾ ಅದರಲ್ಲಿ ಒಗ್ಗರಣೆ ಹಾಕುವವರು ನಾವು. ನಾನಂತೂ ಬಾಣಲೆ ಪಕ್ಕಕ್ಕಿಟ್ಟೆ, ಸ್ಟೀಲ್ ಮತ್ತು ಕಬ್ಬಿಣ ಸಾಕು.

ಈಗ ಕುಂಕುಮ. ಇಲ್ಲೇ ನನಗೆ ತುಂಬಾ ಕೋಪ ಬಂದಿದ್ದು. ದೇವರಾಜ ಮಾರ್ಕೆಟ್‌ನಲ್ಲಿ ಗೋಪುರದ ಹಾಗೆ ಗುಡ್ಡೆ ಹಾಕಿರುತ್ತಾರಲ್ಲ, ಆ ಬಣ್ಣಗಳಲ್ಲಿ ಎರಡು ಮೂರು ತಂದಿದ್ದೇನೆ. ಸರಿಯಾಗಿ ಮಾಡಿದ ಕುಂಕುಮ ಅರಿಶಿನದಿಂದಲೇ ಆಗುವುದು. ಸುಣ್ಣ ಬೆರೆಸಿದರೆ ಕೆಂಪಗಾಗುತ್ತದೆ. ಆದರೆ ಕೆಲವು ಸಿಂಧೂರದ ಪುಡಿಗಳಲ್ಲಿ ಕೆಂಪು ಸೀಸ, ಅಂದರೆ ಸೀಸದ ಆಕ್ಸೈಡ್ ಇರುವುದು ಪತ್ತೆಯಾಗಿದೆ. ಟೆಸ್ಟ್ ಮಾಡೋಣ ಅಂದರೆ ಕಡ್ಡಿ ತೋರಿಸುವುದೇ ಕೆಂಪು ಬಣ್ಣ! ಕುಂಕುಮ ತಾಗಿದರೆ ಹತ್ತಿ ಹೇಗೂ ಕೆಂಪಗಾಗುತ್ತದೆ. ಅದು ಕುಂಕುಮದ ಕೆಂಪೋ, ಸೀಸದ ಕೆಂಪೋ? ಹೇಳುವ ದಾರಿಯೇ ಇಲ್ಲ. ಅರಿಶಿನದ್ದೂ ಇದೇ ಕಥೆ, ಹಳದಿ ಕಡ್ಡಿ, ಹಳದಿ ಪುಡಿ. ನಮ್ಮ ಮನೆಗಳಲ್ಲಿ ದಿನಾ ಕೈಗೆ ಸಿಗುವ, ಮಕ್ಕಳ ಹಣೆಗೆ ಹಚ್ಚುವ, ಸಾರಿಗೆ ಹಾಕುವ ಎರಡೇ ಎರಡು ವಸ್ತುಗಳಿಗೆ ಇದು ಪ್ರಯೋಜನಕ್ಕಿಲ್ಲ. ಕಿಟ್ ಡಬ್ಬಿಯ ಮೇಲೆ ಅದನ್ನು ಬರೆಯಬೇಕಲ್ವಾ? ಬರೆದಿಲ್ಲ. ಮನೆಯ ಎಲ್ಲ ವಸ್ತುಗಳಿಗೂ ಅಂತ ಬರೆದಿದ್ದಾರೆ.

ಹಾಗಾದರೆ ಲ್ಯಾಬ್‌ಗೆ ಕೊಡೋಣ ಅಂತ ಒಂದು ಖಾಸಗಿ ಲ್ಯಾಬ್‌ಗೆ ಫೋನ್ ಮಾಡಿದೆ. ಅರಿಶಿನದಲ್ಲಿ ಸೀಸ ಒಂದನ್ನೇ ನೋಡುವುದಕ್ಕೆ 1,500 ರೂಪಾಯಿ, ಮೇಲೆ ಜಿಎಸ್‌ಟಿ. ಕ್ರೋಮಿಯಂ ಬೇಕಾದರೆ ಬೇರೆ, ಕ್ಯಾಡ್ಮಿಯಂ ಬೇರೆ. ನಾನು ಪರೀಕ್ಷೆ ಮಾಡಿಸಬೇಕಾದ ಅರಿಶಿನದ ಪೊಟ್ಟಣ 40 ರೂಪಾಯಿ. ನಲವತ್ತು ರೂಪಾಯಿ ಅರಿಶಿನ ಸರಿ ಇದೆಯಾ ಅಂತ ತಿಳಿಯುವುದಕ್ಕೆ ಯಾವ ಮನೆಯವರು ಹತ್ತಿರ ಹತ್ತಿರ ಎರಡು ಸಾವಿರ ಖರ್ಚು ಮಾಡುತ್ತಾರೆ? ಮುಂದಿನ ತಿಂಗಳು ತರುವ ಪೊಟ್ಟಣ ಬೇರೆ, ಅದಕ್ಕೆ ಮತ್ತೆ ಎರಡು ಸಾವಿರವಾ? ಇದು ಮನೆಯವರ ತಲೆ ಮೇಲೆ ಹಾಕುವ ಕೆಲಸವೇ ಅಲ್ಲ. ಮಾರುವ ಮುಂಚೆ ನೋಡಬೇಕಾದದ್ದು. ಬಾಂಗ್ಲಾದೇಶದಲ್ಲಿ ಹಾಗೇ ಮಾಡಿದರು. ಅಲ್ಲಿ ಅರಿಶಿನ ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ 47% ಕಲಬೆರಕೆ ಇತ್ತು. ಸರ್ಕಾರ ದಾಳಿ ಮಾಡಿತು, ದಂಡ ಹಾಕಿತು, ಮಂಡಿಗಳಲ್ಲಿ ನೋಟಿಸ್ ಅಂಟಿಸಿತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಎರಡೇ ವರ್ಷ!

ನಮ್ಮಲ್ಲೂ ಕಾನೂನು ಇಲ್ಲ ಅಂತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡವರು ಶುಲ್ಕ ಕಟ್ಟಿ ಫುಡ್ ಅನಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಬಹುದು. ಆ ಆಹಾರ ಕಾನೂನಿನ ಪ್ರಕಾರ ಇಲ್ಲ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್. ಇದನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಅರಿಶಿನದ ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ಹೊರಗೆ ಬಣ್ಣ ಬಳಿದಿದ್ದರೆ ತಕ್ಷಣ ನೀರಿಗೆ ಗಾಢ ಹಳದಿ ಬಿಡುತ್ತದೆ. ಶುದ್ಧ ಕೊಂಬು ಹಾಗೆ ಬಿಡುವುದಿಲ್ಲ. ನಮ್ಮ ಕೊಂಬು, ನೋಡಿ, ನೀರು ತಿಳಿಯಾಗೇ ಇದೆ. ನಾನು ಇನ್ನು ಮೇಲೆ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸುತ್ತೇನೆ.

ಚೆಂಬು, ತಪ್ಪಲೆ ಹಿಡಿದು ಹೊರಗೆ ಹೊರಟೆವು. ಇದು ಬನ್ನಿಮಂಟಪದ ರಸ್ತೆ, ಗಾಡಿಯಲ್ಲಿ ಹಿಂದೆ ಕೂತು ತೆಗೆದಿದ್ದು. ಈ ಕಡೆ ಬಂದರೆ ನನಗೆ ಮೈಲ್ಯಾಕ್ ಬಗ್ಗೆ ಹೇಳದೆ ಇರುವುದಕ್ಕೆ ಆಗುವುದಿಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಇಂಕು ಇಲ್ಲಿಂದಲೇ ಇಡೀ ದೇಶಕ್ಕೆ ಹೋಗುವುದು, 1962ರ ಚುನಾವಣೆಯಿಂದ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಬೆಳ್ಳಿಯ ಲವಣ. ಬೆಳಕು ಬಿದ್ದರೆ ಚರ್ಮದ ಮೇಲೆ ಕಪ್ಪಾಗಿ ಕೂರುತ್ತದೆ. ಮೊದಲ ಸಲ ಓಟು ಹಾಕಿದಾಗ ನಮ್ಮಣ್ಣ ನಿಂಬೆಹಣ್ಣು ಉಜ್ಜಿ ಉಜ್ಜಿ... ಸಿಗ್ನಲ್ ಬಿಟ್ಟಿತು, ಅದು ಇನ್ನೊಂದು ದಿನ.

ಅಶೋಕ ರಸ್ತೆ. ಚಿನ್ನದ ಟಚ್ ನೋಡುವ ಅಂಗಡಿಗೆ ಚೆಂಬು ತಂದಿದ್ದೇನೆ. ಇವರ ಹತ್ತಿರ ಇರುವುದು ಎಕ್ಸ್‌ಆರ್‌ಎಫ್ ಮೆಷಿನ್. ಎಕ್ಸ್‌ರೇ ಬಿಟ್ಟರೆ ಒಂದೊಂದು ಲೋಹವೂ ಒಂದೊಂದು ಥರದ ಕಿರಣ ವಾಪಸ್ ಬಿಡುತ್ತದೆ, ಅದನ್ನು ಓದಿ ಯಾವ ಲೋಹ ಎಷ್ಟು ಅಂತ ಹೇಳುತ್ತದೆ. ಪರದೇಶದಲ್ಲಿ ಸೀಸ ಹುಡುಕುವುದಕ್ಕೆ ಬಳಸುವುದೂ ಇದೇ ತಂತ್ರ. ತಪ್ಪಲೆ ಒಳಗೆ ಹಿಡಿಸಲಿಲ್ಲ, ಮೆಷಿನ್ ಬಾಗಿಲೇ ಮುಚ್ಚಲಿಲ್ಲ. "ಇದು ಚಿನ್ನ ಅಲ್ವಲ್ಲ ಮೇಡಂ, ಯಾಕೆ?" ಅಂತ ಅಲ್ಲಿದ್ದ ಹುಡುಗ ಕೇಳಿದ. ಮಗುವಿನ ವಿಷಯ ಹೇಳಿದ ಮೇಲೆ ಅವನೇ ಸೆಟ್ಟಿಂಗ್ ಬದಲಾಯಿಸಿ ಚೆಂಬು ಇಟ್ಟುಕೊಟ್ಟ. ದುಡ್ಡೂ ತೆಗೆದುಕೊಳ್ಳಲಿಲ್ಲ. ಪರದೆಯ ಮೇಲೆ ನೋಡಿ. ತಾಮ್ರ, ಸತು, ಆಮೇಲೆ ಸೀಸ, ಶೇಕಡಾ ಎರಡೂವರೆ. ಲೇತ್‌ನಲ್ಲಿ ಕಡೆಯುವ ಹಿತ್ತಾಳೆಗೆ ಬೇಕೆಂದೇ ಸೀಸ ಬೆರೆಸುತ್ತಾರೆ, ಚೂರು ಸಲೀಸಾಗಿ ಮುರಿದು ಬರಲಿ ಅಂತ. ಬೀಗಕ್ಕೆ ಅದು ಸರಿ. ರಾತ್ರಿಯೆಲ್ಲ ನೀರು ಇಟ್ಟು ಬೆಳಿಗ್ಗೆ ಕುಡಿಯುವ ಚೆಂಬಿಗೆ ಯಾಕೆ? ತಗಡು ಬಡಿದು ಮಾಡುವ ಪಾತ್ರೆಗೆ ಬಳಸುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸೀಸ ಬಹಳ ಕಡಿಮೆ. ಎರಡೂ ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನಲ್ಲಿ ಸಿಗುತ್ತವೆ.

ಅಲ್ಲಿಂದ ಮಂಡಿ ಮೊಹಲ್ಲಾ ಕಡೆ ಕಲಾಯಿ ಹಾಕುವವರ ಹತ್ತಿರ. ಬೆಂಕಿ, ನವಸಾಗರ, ಹತ್ತಿ, ಆ ಹೊಗೆ, ಎಲ್ಲ ನೋಡುತ್ತಿದ್ದೀರಿ. ಕಲಾಯಿ ಹಾಕುವ ಅಣ್ಣ ತವರದ ಕಡ್ಡಿ ಹಿಡಿದು, "ಅಕ್ಕಾ, ಕಿವಿ ಹತ್ರ ತನ್ನಿ" ಅಂದು ಬಗ್ಗಿಸಿದರು. ಆ ಸದ್ದು ಕೇಳಿಸಿತಾ? ಚಿರಚಿರ ಅಂತ. ಮೈಕ್‌ನಲ್ಲಿ ಸರಿಯಾಗಿ ಬಂದಿಲ್ಲ, ವಾಲ್ಯೂಮ್ ಜಾಸ್ತಿ ಮಾಡಿ. ತವರ ಬಗ್ಗಿಸಿದರೆ ಒಳಗಿನ ಹರಳುಗಳು ಸರಿದು ಈ ಸದ್ದು ಬರುತ್ತದೆ. ಸೀಸ ಬಗ್ಗಿಸಿದರೆ ಬರುವುದಿಲ್ಲ. ಸೀಸವನ್ನು ಕಾಗದಕ್ಕೆ ಉಜ್ಜಿದರೆ ಬೂದು ಗೆರೆ ಬೀಳುತ್ತದೆ. ತವರಕ್ಕೆ ಸೀಸಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಬೆಲೆ. "ತವರದ ರೇಟು ಹೇಳಿದ್ರೆ ಜನ ಪಾತ್ರೆ ಎತ್ಕೊಂಡು ಹೋಗ್ತಾರೆ, ಕಡಿಮೆಗೆ ಮಾಡಿಕೊಡೋರು ಬೇರೆ ಇದ್ದಾರೆ" ಅಂದರು. ಆ ಕಡಿಮೆಗೆ ಮಾಡಿಕೊಟ್ಟಿದ್ದೇ ನಮ್ಮ ತಪ್ಪಲೆಯಲ್ಲಿ ಗುಲಾಬಿಯಾಗಿ ಬಂದಿದ್ದು. ಅವರು ಹಳೇ ಕಲಾಯಿ ಪೂರ್ತಿ ತೆಗೆದು, ಶುದ್ಧ ತವರ ಹಾಕಿಕೊಟ್ಟರು. ಮತ್ತೆ ಕಡ್ಡಿ ಉಜ್ಜಿದರೆ ಹಳದಿಯಾಗೇ ಉಳಿಯಿತು. ಹಿತ್ತಾಳೆಯನ್ನೆಲ್ಲ ಗುಜರಿಗೆ ಹಾಕಿ ಅಂದೆನಲ್ಲ, ಈಗ ಹಾಗೆ ಹೇಳುವುದಿಲ್ಲ. ತಗಡಿನ ಪಾತ್ರೆ, ಎದುರಿಗೆ ನಿಂತು ಹಾಕಿಸಿದ ತವರದ ಕಲಾಯಿ, ಇವೆರಡೂ ಇದ್ದರೆ ಬಳಸಿ. ಹುಳಿ ಮಾತ್ರ ಸ್ಟೀಲಿನಲ್ಲೇ ಕುದಿಸಿ. ಚೆಂಬು ನಮ್ಮ ಮನೆಯಲ್ಲಿ ಇನ್ನು ಹೂವಿಡುವುದಕ್ಕೆ.

ಮನೆಗೆ ಬಂದೆವು. ಬೊಂಬೆಗಳು. ಅತ್ತೆ ಪಕ್ಕದಲ್ಲೇ ನಿಂತಿದ್ದಾರೆ, ಕೈ ಕಾಣಿಸುತ್ತಿದೆ. ಹಳದಿ ಪಂಚೆಯ ಶೆಟ್ಟರ ಬೊಂಬೆಗೆ ಕಡ್ಡಿ ತಾಗಿಸಿದೆ, ಗಾಢ ಗುಲಾಬಿ. ಇಷ್ಟು ಬೇಗ ಬಂದಿದ್ದು ಇವತ್ತು ಇದೊಂದೇ. ಇವನ್ನು ಬಿಸಾಡಬೇಕಾಗಿಲ್ಲ. ಗಾಜಿನ ಬೀರುವಿನೊಳಗೆ ಇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಅರಗಿನ ಬಣ್ಣದ ಚನ್ನಪಟ್ಟಣದ ಗಿಲಕಿಯಲ್ಲಿ ಏನೂ ಬರಲಿಲ್ಲ. ಹೊಸದಾಗಿ ಕೊಳ್ಳುವ ಆಟದ ಸಾಮಾನಿನ ಮೇಲೆ ಐಎಸ್‌ಐ ಗುರುತು ನೋಡಿ, 2021ರಿಂದ ಅದು ಕಡ್ಡಾಯ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಎಲ್ಲ ಸೇರಿ ಎಂಟು ಧಾತುಗಳನ್ನು ಆ ಮಾನದಂಡದಲ್ಲಿ ನೋಡುತ್ತಾರೆ.

ಇದು ಕಿಟಕಿ. ಇದನ್ನು ಪ್ಲಾನ್ ಮಾಡಿರಲಿಲ್ಲ, ಉಳಿದಿದ್ದ ಕಡ್ಡಿ ತಾಗಿಸಿದೆ, ಬಣ್ಣ ಎದ್ದಿರುವ ಜಾಗದಲ್ಲಿ ಗುಲಾಬಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅಂತ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎನಾಮಲ್ ಬಳಿದ ಕಿಟಕಿ ಬಾಗಿಲು ಮೈಸೂರಲ್ಲಿ ಎಷ್ಟು ಮನೆಗಳಲ್ಲಿವೆ! ದಯವಿಟ್ಟು ಕೇಳಿ, ಪಾತ್ರೆಗಿಂತ ಇದಕ್ಕೆ ನನಗೆ ಹೆದರಿಕೆ ಜಾಸ್ತಿ. ಹಬ್ಬಕ್ಕೆ ಬಣ್ಣ ಹೊಡೆಸುವಾಗ ಒಣಗಿದ್ದಕ್ಕೆ ಹಾಗೇ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿಸುತ್ತೇವೆ. ಆ ಧೂಳು ನೆಲದ ಮೇಲೆ, ಮಗು ಅಂಬೆಗಾಲಿಡುವುದು ಅದರ ಮೇಲೆ, ಆ ಕೈ ಬಾಯಿಗೆ. ತಿಕ್ಕುವ ಪೇಂಟರ್ ಅಣ್ಣನ ಎದೆಗೂ ಅದೇ ಧೂಳು. ನೀರು ಚಿಮುಕಿಸಿ ತಿಕ್ಕಲು ಹೇಳಿ, ಅವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳನ್ನು ಅವತ್ತು ಅಜ್ಜಿ ಮನೆಗೆ ಕಳಿಸಿ.

ಕುಂಕುಮದಂಥ ಬಣ್ಣದ ಪುಡಿ ಬಿಟ್ಟು ಬೇರೆ ಕಡೆ ಕಡ್ಡಿಯಲ್ಲಿ ಗುಲಾಬಿ ಬಂದರೆ ನಂಬಿ, ಬರದಿದ್ದರೆ ಸೀಸ ಇಲ್ಲ ಅಂತ ನಂಬಬೇಡಿ. ಮಗುವಿನ ಮೈಯಲ್ಲಿ ಸೀಸ ಇದೆಯಾ ಅಂತ ಹೇಳುವುದು ರಕ್ತ ಪರೀಕ್ಷೆ ಮಾತ್ರ, ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, 2021ರಿಂದ ಪ್ರತಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ದಾಟಿದರೇ ಗಮನ ಕೊಡಬೇಕು ಅನ್ನುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗು ಸೀಸವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ರಾಗಿ, ಸೊಪ್ಪು ಬಿಡಬೇಡಿ. ರಾಗಿ ತಿಂದರೆ ಮೈಯಲ್ಲಿರುವ ಸೀಸ ಹೋಗಿಬಿಡುತ್ತದೆ ಅಂತಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಮಗಳ ರಕ್ತ ಕೊಟ್ಟಿದ್ದೇವೆ, ರಿಪೋರ್ಟ್ ಬಂದ ಕೂಡಲೇ ಹಾಕುತ್ತೇನೆ. ಕಿಟಕಿಗೆ ಸದ್ಯಕ್ಕೆ ಟೇಪ್ ಅಂಟಿಸಬೇಕು, ಅವಳು ಏಳುವಷ್ಟರಲ್ಲಿ. ಬರುತ್ತೇನೆ.