ಐದನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಯಾಕೆ?

ನಮಸ್ಕಾರ ಕೇಳುಗರೇ. 2024ರ ಮಾರ್ಚ್‌ನಲ್ಲಿ ನಮ್ಮ ಅಕ್ಕನ ಮಗಳು ಐದನೇ ಕ್ಲಾಸು. ಜಗಳೂರು ತಾಲೂಕಿನ ಒಂದು ಸರ್ಕಾರಿ ಶಾಲೆ. ಬೋರ್ಡ್ ಪರೀಕ್ಷೆ ಅಂತ ಹೊಸ ಪ್ಯಾಡು, ಎರಡು ಪೆನ್ನು ತರಿಸಿಕೊಂಡಿದ್ದಳು. ಬೋರ್ಡ್ ಅಂದರೆ ಪ್ರಶ್ನೆಪತ್ರಿಕೆ ಶಾಲೆಯ ಟೀಚರದ್ದಲ್ಲ, ರಾಜ್ಯದ ಪರೀಕ್ಷಾ ಮಂಡಳಿಯದ್ದು. 11ನೇ ತಾರೀಕು ಪರೀಕ್ಷೆ ಶುರುವಾಯಿತು. ಮಾರನೇ ದಿನವೇ ಸುಪ್ರೀಂ ಕೋರ್ಟ್ ಆದೇಶ ಬಂದು ನಿಂತಿತು. ಆಮೇಲೆ ಹೈಕೋರ್ಟ್ ನಡೆಸಬಹುದು ಅಂದಿತು, 25ರಿಂದ ಮತ್ತೆ ಬರೆದಳು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. "ಮಾಮ, ನಾನು ಪಾಸಾ, ಫೇಲಾ?" ಅಂತ ಫೋನ್ ಮಾಡಿದಳು. ಏನು ಹೇಳೋದು? ಆರನೇ ಕ್ಲಾಸಿಗೆ ಹೋಗ್ತೀಯ ಬಿಡವ್ವ ಅಂದೆ.

ಕಾನೂನೂ ಹಾಗೇ ಹೊಯ್ದಾಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನ ತನಕ ಯಾರನ್ನೂ ಫೇಲ್ ಮಾಡಬೇಡಿ ಅಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟಕ್ಕೆ ಪರೀಕ್ಷೆ ತಂದಿತು. ಫೇಲಾದ ಮಗುವಿಗೆ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡಬೇಕು, ಅದೇ ಕ್ಲಾಸಿನಲ್ಲಿ ಉಳಿಸಿಕೊಳ್ಳೋದು ಬಿಡೋದು ಮಾತ್ರ ಸರ್ಕಾರಕ್ಕೆ ಬಿಟ್ಟದ್ದು.

ನನಗೆ ಅನ್ನಿಸೋದು, ಹೊರಗಿನಿಂದ ಬರುವ ಈ ಪ್ರಶ್ನೆಪತ್ರಿಕೆ ಶಾಲೆಗಳಿಗೆ ಐಚ್ಛಿಕವಾಗಿರಲಿ. ಬೇಕಾದ ಶಾಲೆ ತೆಗೆದುಕೊಳ್ಳಲಿ. ನಮ್ಮ ಹುಡುಗಿಗೆ ಭಿನ್ನರಾಶಿ ಬರಲ್ಲ, ಅರ್ಧ ಕೇಜಿ ಈರುಳ್ಳಿ ಗೊತ್ತು, ಒಂದರ ಕೆಳಗೆ ಎರಡು ಬರೆದರೆ ಬೆಪ್ಪಾಗ್ತಾಳೆ. ಇದು ಅವರ ಟೀಚರಿಗೆ ದಸರಾ ರಜೆಗೆ ಮುಂಚೆನೇ ಗೊತ್ತಿತ್ತು. ಮಾರ್ಚ್‌ನಲ್ಲಿ ಬೋರ್ಡು ಅದನ್ನೇ ಹೇಳಿದರೆ ಯಾರಿಗೆ ಉಪಯೋಗ, ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುತ್ತಲ್ವಾ? ಅದೇ ಪತ್ರಿಕೆ ಜುಲೈನಲ್ಲಿ ಬಂದಿದ್ದರೆ ಕಲಿಸೋಕೆ ಇಡೀ ವರ್ಷ ಸಿಗುತ್ತಿತ್ತು.

ಎಸ್ಸೆಸ್ಸೆಲ್ಸಿ ಬೇರೆ ಮಾತು. ಪಿಯುಸಿ ಸೀಟಿಗೆ ಆ ಅಂಕವೇ ಆಧಾರ, ಅದು ಎಲ್ಲರಿಗೂ ಒಂದೇ ಇರಬೇಕು. ಆದರೆ ಅದರ ಕಥೆಯೂ ಕೇಳಿ. 2023ರಲ್ಲಿ ಶೇ. 83.89 ಪಾಸು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಕೃಪಾಂಕ ಜಾಸ್ತಿ ಮಾಡಿದರೂ ಶೇ. 73.40ಕ್ಕೆ ಇಳಿಯಿತು. ಅಂದರೆ ಮೊದಲು ನಾವು ಅಳೆಯುತ್ತಿದ್ದದ್ದು ಏನನ್ನು?

ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದ ಮೇಷ್ಟ್ರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. "ಪರೀಕ್ಷೆ ಇಲ್ಲ ಅಂದ್ರೆ ಓದೋಕೆ ಬರದ ಹುಡುಗರು ಒಂಬತ್ತಕ್ಕೆ ಬಂದು ಕೂರ್ತಾರೆ ಸಾರ್, ನಾನು ಎಸ್ಸೆಸ್ಸೆಲ್ಸಿ ಪಾಠ ಮಾಡ್ಲಾ, ಕಾಗುಣಿತ ಹೇಳಿಕೊಡ್ಲಾ?" ಅಂದರು. ಅಷ್ಟರಲ್ಲಿ ಹರಿಹರದ ಬಸ್ಸು ಬಂತು, ಅವರು ಹತ್ತಿಬಿಟ್ಟರು. ಎಂಟನೇ ಕ್ಲಾಸಿನ ಮಟ್ಟಿಗೆ ಅವರ ಮಾತು ತಳ್ಳಿಹಾಕೋಕೆ ನನ್ನಿಂದ ಇನ್ನೂ ಆಗಿಲ್ಲ.